ಸುರಿಯಲು ಮರೆತ ಕ್ಯಾಲ್ಸಿಯಂ

ಕಳೆದ ವಾರ ಅಕ್ಕನ ಮಗಳು ಇಂದಿರಾನಗರದ ಒಂದು ಕಾಫಿ ಅಂಗಡಿಗೆ ಎಳೆದುಕೊಂಡು ಹೋದಳು. ಒಳಗೆ ಕೂತ ಮೇಲೆ ಗೊತ್ತಾಯಿತು, ಇದು ನಮ್ಮ ಹಳೇ ಕ್ಲಿನಿಕ್ಕಿನ ಕಟ್ಟಡ. ಗೋಡೆ ಒಡೆದು ಗಾಜು ಹಾಕಿದ್ದಾರೆ, ಹೊರಗೆ ಬಿದಿರು ನೆಟ್ಟಿದ್ದಾರೆ. ಆದರೆ ಮೆಟ್ಟಿಲ ಪಕ್ಕದ ಮೊಸಾಯಿಕ್ ನೆಲದ ಬಿರುಕು ಹಾಗೇ ಇದೆ. ಅದನ್ನು ನೋಡುತ್ತಿದ್ದಾಗಲೇ ಒಬ್ಬ ಬಂದು ತಣ್ಣನೆಯ ಕಾಫಿ ಇಟ್ಟುಹೋದ. ಲೋಟದಲ್ಲಲ್ಲ, ಕಾನಿಕಲ್ ಫ್ಲಾಸ್ಕಿನಲ್ಲಿ. ಪ್ರಯೋಗಾಲಯದಲ್ಲಿರುತ್ತದಲ್ಲ, ತಳ ಅಗಲ, ಕತ್ತು ಸಣ್ಣ, ಅದೇ. ಈಗ ಅದು ಫ್ಯಾಷನ್ನಂತೆ.

ನನಗೆ ಕುಡಿಯಲು ಆಗಲಿಲ್ಲ.  ಹುಡುಗಿ ಕೇಳಿದಳು, "ಯಾಕೆ ಚಿಕ್ಕಿ, ಸಕ್ಕರೆ ಇಲ್ವಾ?"

ಅವಳಿಗೆ ಅವತ್ತು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಕಾಮೆಂಟಿನಲ್ಲಿ ಯಾರೂ ಸಮಾಧಾನ ಹೇಳಬೇಡಿ, ಅದಕ್ಕಾಗಿ ಬರೆಯುತ್ತಿಲ್ಲ.

ಎರಡು ಸಾವಿರ ಇಸವಿ ದಾಟಿದ ಹೊಸತು. ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಕೆಲಸ ಸಿಕ್ಕಿದ್ದು ಈ ಕ್ಲಿನಿಕ್ಕಿನಲ್ಲಿ. ಮಕ್ಕಳಾಗದವರಿಗೆ ಪ್ರನಾಳ ಶಿಶು ಚಿಕಿತ್ಸೆ ಕೊಡುವ ಸಣ್ಣ ಜಾಗ. ಡಾಕ್ಟರು ಹೆಂಗಸಿನ ದೇಹದಿಂದ ಮೊಟ್ಟೆ ತೆಗೆದುಕೊಡುತ್ತಿದ್ದರು. ಅದನ್ನು ಫಲಗೊಳಿಸಿ, ಎರಡು ಮೂರು ದಿನ ಬೆಳೆಸಿ ವಾಪಸ್ಸು ಕೊಡುವುದು ಲ್ಯಾಬಿನವರ ಕೆಲಸ. ಲ್ಯಾಬಿನವರು ಅಂದರೆ ಇಬ್ಬರು. ಹತ್ತು ವರ್ಷದ ಅನುಭವದ ವತ್ಸಲಾ ಮೇಡಂ, ಏಳು ತಿಂಗಳ ಅನುಭವದ ನಾನು.

ನಾನಿದ್ದದ್ದು ಮರ್ಫಿ ಟೌನಿನಲ್ಲಿ, ಒಂದು ಮನೆಯ ಮಹಡಿ ಮೇಲಿನ ಶೀಟಿನ ಕೋಣೆಯಲ್ಲಿ. ಆ ಕೋಣೆ ಕೊಡಿಸಿದವಳು ನಮ್ಮ ಕ್ಲಿನಿಕ್ಕಿನ ಆಯಾ ಸೆಲ್ವಿ. ಅವಳ ಮನೆ ಎದುರಿಗೇ. ಬೆಳಿಗ್ಗೆ ಇಬ್ಬರೂ ಜೊತೆಗೆ ಹೊರಡುತ್ತಿದ್ದೆವು. ಗಲ್ಲಿಯ ಮೂಲೆಯಲ್ಲಿ ಅವಳು ಮಲ್ಲಿಗೆ ಕೊಂಡರೆ ನಾನು ಮೂರಡಿ ದೂರ ನಡೆಯುತ್ತಿದ್ದೆ. ಲ್ಯಾಬಿಗೆ ಹೂವು, ಪೌಡರು, ಸೆಂಟು ಯಾವುದೂ ಬರುವಂತಿಲ್ಲ. ವಾಸನೆ ಕೂಡ ಭ್ರೂಣಕ್ಕೆ ವಿಷ ಎಂದು ಮೇಡಂ ಮೊದಲ ದಿನವೇ ಹೆದರಿಸಿದ್ದರು. ಆ ಏಳು ತಿಂಗಳು ನಾನು ತಲೆಗೆ ಎಣ್ಣೆ ಕೂಡ ಹಚ್ಚಲಿಲ್ಲ. ಹೆದರಿಕೆಯೇ ನನಗೆ ಅಲ್ಲಿ ಕಲಿಸಿದ ಮೊದಲ ಪಾಠ. ಕರೆಂಟು ಹೋದರೆ ಹೆದರಿಕೆ. ಯುಪಿಎಸ್ ಕೂಗಿದರೆ ಹೆದರಿಕೆ. ಭ್ರೂಣಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರಿನ ಬಾಗಿಲು ಹತ್ತು ಸೆಕೆಂಡಿಗಿಂತ ಹೆಚ್ಚು ತೆರೆದರೆ ಹೆದರಿಕೆ.

ಈಗ ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ಭ್ರೂಣ ಬೆಳೆಯುವ ದ್ರವಕ್ಕೆ ನಾವು ಮೀಡಿಯಾ ಅನ್ನುತ್ತಿದ್ದೆವು. ವಿದೇಶದಿಂದ ಬರುವ ಬಾಟಲಿ ಸಿಗುವುದೇ ಕಷ್ಟ, ಹಾಗಾಗಿ ಮೊಟ್ಟೆ ಫಲಿಸುವ ಮೊದಲ ದಿನಕ್ಕೆ ಮಾತ್ರ ಅದು. ಆಮೇಲಿನ ದಿನಗಳಿಗೆ ನಾವೇ ತಯಾರಿಸಿದ್ದು: ಶುದ್ಧ ನೀರಿಗೆ ಒಂದೊಂದೇ ಉಪ್ಪು ತೂಗಿ ಹಾಕುವುದು, ಸಕ್ಕರೆ, ಕೊನೆಗೆ ಆ ಹೆಂಗಸಿನದೇ ರಕ್ತದಿಂದ ತೆಗೆದ ಸೀರಮ್ ಸ್ವಲ್ಪ. ಆಗ ಹಾಗೇ ಮಾಡುತ್ತಿದ್ದರು. ಉಪ್ಪುಗಳಲ್ಲಿ ಕ್ಯಾಲ್ಸಿಯಂ ಒಂದನ್ನು ಮಾತ್ರ ಉಳಿದವುಗಳ ಜೊತೆ ಹಾಕುವಂತಿಲ್ಲ. ಹಾಕಿದರೆ ದ್ರವ ಮೋಡದ ಹಾಗೆ ಒಡೆದುಬಿಡುತ್ತದೆ. ಅದನ್ನು ಬೇರೆ ಪುಟ್ಟ ಫ್ಲಾಸ್ಕಿನಲ್ಲಿ ಕರಗಿಸಿಟ್ಟುಕೊಂಡು, ಎಲ್ಲ ಆದ ಮೇಲೆ ಹನಿಹನಿಯಾಗಿ ಸುರಿಯಬೇಕು.

ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು. ಪ್ರತಿ ಉಪ್ಪಿನ ಮುಂದೆ ಟಿಕ್ ಹಾಕುವುದು ನಿಯಮ. ಟಿಕ್ ಹಾಕುವುದು ತೂಗಿದಾಗ. ಬೇರೆ ಉಪ್ಪುಗಳಿಗೆ ತೂಗುವುದೂ ಸುರಿಯುವುದೂ ಒಂದೇ ಗಳಿಗೆ, ಹಾಗಾಗಿ ಇದರಲ್ಲಿ ಏನೂ ಅಪಾಯ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಗಿರಿಜಕ್ಕ ಬಂದದ್ದು ಆ ಮಳೆಗಾಲದಲ್ಲಿ. ಹುಬ್ಬಳ್ಳಿ ಕಡೆಯವರು, ಗಂಡ ಇನ್ಶೂರೆನ್ಸ್ ಆಫೀಸಿನಲ್ಲಿ, ಮನೆ ಕೆ.ಆರ್. ಪುರಂನಲ್ಲಿ. ಮದುವೆಯಾಗಿ ಹನ್ನೊಂದು ವರ್ಷ. ಬೇರೆ ಪೇಷಂಟುಗಳು ಲ್ಯಾಬಿನವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಡಾಕ್ಟರೇ ದೇವರು. ಇವರು ಮಾತ್ರ ಸ್ಕ್ಯಾನಿಗೆ ಬಂದಾಗಲೆಲ್ಲ ಗಾಜಿನ ಕಿಟಕಿಯ ಹತ್ತಿರ ನಿಂತು ನನ್ನನ್ನು ವಿಚಾರಿಸುತ್ತಿದ್ದರು.

"ತಂಗಿ, ಅವು ಅಲ್ಲೇ ಇರ್ತಾವೇನ್ರಿ, ಆ ಪೆಟಗ್ಯಾಗ?"

"ಹೌದು ಗಿರಿಜಕ್ಕ."

"ಕತ್ತಲ್ಯಾಗ?"

"ಕತ್ತಲೇ ಒಳ್ಳೇದು ಅವಕ್ಕೆ."

"ಛಲೋ ಆತು ಬಿಡ್ರಿ. ಹೊಟ್ಯಾಗೂ ಕತ್ತಲ್ನ ಇರತೈತಿ."

ಒಂದು ಸೋಮವಾರ ಅವರ ಮೊಟ್ಟೆ ತೆಗೆದರು. ಮೂರು ಫಲಿಸಿದವು. ಮಂಗಳವಾರ ಅವನ್ನು ನಾನು ಹಿಂದಿನ ಶನಿವಾರ ತಯಾರಿಸಿದ್ದ ಮೀಡಿಯಾಕ್ಕೆ ದಾಟಿಸಿದೆವು. ಬುಧವಾರ ಒಂದೊಂದರಲ್ಲೂ ನಾಲ್ಕು ಕಣ, ಅಂದರೆ ನಾಲ್ಕು ಜೀವಕೋಶ. ಗುರುವಾರ ಎಂಟು ಕಣ ಆಗಬೇಕು, ಅವತ್ತೇ ಅವರ ಗರ್ಭಕ್ಕೆ ಬಿಡಬೇಕು. ನಮ್ಮಲ್ಲಿ ಮೂರನೇ ದಿನ ದಾಟಿ ಯಾವ ಭ್ರೂಣವನ್ನೂ ಹೊರಗೆ ಇಟ್ಟುಕೊಂಡಿದ್ದೇ ಇಲ್ಲ.

ಬುಧವಾರ ಸಂಜೆ ಗುರುವಾರಕ್ಕೆ ಬಂದ್ ಎಂದು ಸುದ್ದಿಯಾಯಿತು. ನದಿ ನೀರಿನ ಗಲಾಟೆ. ಬಸ್ಸಿಲ್ಲ, ಆಟೋ ಇಲ್ಲ. ಡಾಕ್ಟರು ವರ್ಗಾವಣೆಯನ್ನು, ಅಂದರೆ ಗರ್ಭಕ್ಕೆ ಬಿಡುವುದನ್ನು, ಶುಕ್ರವಾರಕ್ಕೆ ಹಾಕಿದರು. ವತ್ಸಲಾ ಮೇಡಂ ಮನೆ ಬಸವನಗುಡಿಯಲ್ಲಿ, ಬರಲು ಸಾಧ್ಯವೇ ಇಲ್ಲ. ನಡೆದು ಬರುವಷ್ಟು ಹತ್ತಿರ ಇದ್ದವರು ನಾನು ಮತ್ತು ಸೆಲ್ವಿ.

ಗುರುವಾರ ಬೆಳಿಗ್ಗೆ ಹೊರಟಾಗ ಗಲ್ಲಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ದಿನಾ ತಮಿಳು ಹಾಡು ಹಾಕುವ ಇಸ್ತ್ರಿ ಅಂಗಡಿಯಲ್ಲಿ ರೇಡಿಯೋ ಇಲ್ಲ. ಸೆಲ್ವಿ ಹೂವು ಮುಡಿದಿರಲಿಲ್ಲ. ತಿರುವಿನಲ್ಲಿ ನಿಂತು ಹೇಳಿದಳು, "ಮಾ, ದಾರೀಲಿ ಯಾರಾದ್ರು ನಿಲ್ಸಿದ್ರೆ ನೀನೇ ಮಾತಾಡು. ನನ್ ಕನ್ನಡ ಬಾಯಿ ಬಿಟ್ರೆ ಗೊತ್ತಾಗ್ಬಿಡತ್ತೆ."

"ನೀನು ಹುಟ್ಟಿದ್ದೇ ಇಲ್ಲಲ್ವಾ ಸೆಲ್ವಿ."

"ಅದು ಕಲ್ಲಿಗೆ ಗೊತ್ತಿರತ್ತಾ?"

ಹಳೇ ಮದ್ರಾಸ್ ರಸ್ತೆ ಅಷ್ಟು ಅಗಲ ಎಂದು ನನಗೆ ಅವತ್ತೇ ಗೊತ್ತಾದದ್ದು. ಒಂದು ಗಾಡಿ ಇಲ್ಲ. ದೂರದಲ್ಲಿ ಟೈರು ಸುಟ್ಟ ಕಪ್ಪು ಹೊಗೆ. ಮೋಟಾರ್ ಬೈಕಿನಲ್ಲಿ ಮೂವರು ಕೂಗುತ್ತಾ ಹೋದರು; ನಮ್ಮ ಕಡೆ ನೋಡಲೂ ಇಲ್ಲ, ಆದರೆ ಸೆಲ್ವಿ ನನ್ನ ಮೊಣಕೈ ಹಿಡಿದದ್ದು ಕ್ಲಿನಿಕ್ಕಿನ ಗೇಟು ಬರುವವರೆಗೆ ಬಿಡಲಿಲ್ಲ. ಸಂಜೆ ನೋಡಿದರೆ ಅಲ್ಲಿ ಅವಳ ನಾಲ್ಕು ಬೆರಳಿನ ಗುರುತಿತ್ತು.

ಭ್ರೂಣಗಳು ಚೆನ್ನಾಗಿದ್ದವು. ಮೂರೂ ಎಂಟೆಂಟು ಕಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ತೆಳು ಪಾರದರ್ಶಕ ಚೀಲದೊಳಗೆ ಎಂಟು ದ್ರಾಕ್ಷಿ ತುಂಬಿಟ್ಟ ಹಾಗೆ. ಪ್ರತಿ ಕಣ ದುಂಡಗೆ, ತನ್ನ ಪಾಡಿಗೆ ತಾನು. ನಾನು ಬಾಗಿಲು ಮುಚ್ಚಿ ಗಿರಿಜಕ್ಕನ ಹೆಸರಿನ ಮುಂದೆ ಬರೆದೆ: ಎಂಟು, ಎಂಟು, ಎಂಟು. ಖುಷಿಯಾಗಿದ್ದೆ. ಸತ್ಯವಾಗಿ ಹೇಳುತ್ತೇನೆ, ಹೊರಗೆ ಊರು ಹೊಗೆಯಾಡುತ್ತಿದ್ದರೂ ನಾನು ಖುಷಿಯಾಗಿದ್ದೆ.

ಕೆಲಸ ಇಲ್ಲದ್ದಕ್ಕೆ ಫ್ರಿಜ್ ಒರೆಸೋಣ ಎಂದು ತೆಗೆದೆ. ಕೆಳಗಿನ ತಟ್ಟೆಯಲ್ಲಿ, ಹಳೇ ಬಾಟಲಿಗಳ ಹಿಂದೆ, ಒಂದು ಪುಟ್ಟ ಕಾನಿಕಲ್ ಫ್ಲಾಸ್ಕು. ಬಾಯಿಗೆ ಫಾಯಿಲ್ ಸುತ್ತಿದೆ. ಮೇಲೆ ನನ್ನ ಅಕ್ಷರ: ಕ್ಯಾಲ್ಸಿಯಂ, ಶನಿವಾರದ ತಾರೀಕು. ಕತ್ತಿನವರೆಗೂ ತುಂಬಿತ್ತು.

ಒಂದು ಕ್ಷಣ ನನಗೆ ಏನೂ ಅನಿಸಲಿಲ್ಲ. ಆಮೇಲೆ ಶನಿವಾರ ನೆನಪಾಯಿತು. ಎಲ್ಲ ತೂಗಿ, ಕ್ಯಾಲ್ಸಿಯಂ ಕರಗಿಸಿ, ಪಟ್ಟಿಯಲ್ಲಿ ಟಿಕ್ ಹಾಕಿದ್ದೆ. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಿತು. ಧೂಳು ಬೀಳದಿರಲೆಂದು ಫ್ಲಾಸ್ಕಿಗೆ ಫಾಯಿಲ್ ಸುತ್ತಿ ಫ್ರಿಜ್ಜಿನಲ್ಲಿಟ್ಟು ಇನ್ಕ್ಯುಬೇಟರಿನ ಹತ್ತಿರ ಓಡಿದ್ದೆ. ಕರೆಂಟು ಬಂದ ಮೇಲೆ ವಾಪಸ್ಸು ಬಂದು ಪಟ್ಟಿ ನೋಡಿದೆ. ಎಲ್ಲದಕ್ಕೂ ಟಿಕ್ ಇತ್ತು. ಸೋಸಿ ಬಾಟಲಿಗೆ ತುಂಬಿದೆ. ದ್ರವದ ಸಾಂದ್ರತೆ ಅಳೆಯುವ ಯಂತ್ರವೂ ತಪ್ಪು ತೋರಿಸಲಿಲ್ಲ. ಕ್ಯಾಲ್ಸಿಯಂ ಅಷ್ಟು ಕಡಿಮೆ ಪ್ರಮಾಣದಲ್ಲಿರುತ್ತದೆ.

ನೆಲದ ಮೇಲೆ ಕೂತುಬಿಟ್ಟೆ.

ಯಾಕೆ ಅಂದರೆ ನನಗೆ ಪಾಠ ಗೊತ್ತಿತ್ತು. ಎಂಟು ಕಣದವರೆಗೆ ಭ್ರೂಣದ ಕಣಗಳು ದುಂಡಗಿರುತ್ತವೆ, ಮೈಯೆಲ್ಲ ಒಂದೇ ತರ. ಆಮೇಲೆ ಅವುಗಳ ಮೈ ಬದಲಾಗುತ್ತದೆ. ಪಕ್ಕದ ಕಣಕ್ಕೆ ತಾಗುವ ಮೈ ಅಂಟಾಗುತ್ತದೆ, ಹೊರಗಿನ ಮೈ ಬೇರೆಯೇ ತರ ಉಳಿಯುತ್ತದೆ. ಒಂದಕ್ಕೊಂದು ಒತ್ತಿಕೊಂಡು ಒಂದೇ ಉಂಡೆಯಾಗುತ್ತವೆ. ಹೊರಗೆ ಯಾರು, ಒಳಗೆ ಯಾರು ಎಂಬುದು ತೀರ್ಮಾನವಾಗುವುದು ಅಲ್ಲಿಂದ. ಹೊರಗಿನವು ಮುಂದೆ ತಾಯಿಯ ಗರ್ಭಕ್ಕೆ ಕಚ್ಚಿಕೊಳ್ಳುತ್ತವೆ, ಒಳಗಿನವು ಮಗುವಾಗುತ್ತವೆ. ಆ ಅಂಟು ಹಿಡಿಯಲು ಕ್ಯಾಲ್ಸಿಯಂ ಬೇಕು. ಅದಿಲ್ಲದಿದ್ದರೆ ಕಣಗಳು ಒಡೆದು ಒಡೆದು ಹೆಚ್ಚುತ್ತವೆ, ಒಂದನ್ನೊಂದು ಹಿಡಿಯುವುದಿಲ್ಲ.

ನನ್ನನ್ನು ಸಾಯಿಸಿದ್ದು ಇದು: ಎಂಟು ಕಣದ ದಿನ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಇದ್ದರೂ ದ್ರಾಕ್ಷಿ, ಇಲ್ಲದಿದ್ದರೂ ದ್ರಾಕ್ಷಿ. ಬಂದ್ ಇಲ್ಲದಿದ್ದರೆ ಅವತ್ತೇ ಅವನ್ನು ಗರ್ಭಕ್ಕೆ ಬಿಟ್ಟಿರುತ್ತಿದ್ದೆವು, ಗಿರಿಜಕ್ಕನ ಮೈಯೇ ಅವಕ್ಕೆ ಬೇಕಾದ್ದು ಕೊಟ್ಟಿರುತ್ತಿತ್ತು, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೂ ಸಹ. ಈಗ ಅವು ಇನ್ನೊಂದು ದಿನ ನನ್ನ ನೀರಿನಲ್ಲೇ ಇರಬೇಕು. ಮೈ ಬದಲಾಗಬೇಕಾದ ಅದೇ ದಿನ.

ಮೊದಲು ಬಂದ ಯೋಚನೆ ಏನು ಗೊತ್ತಾ? ಫ್ಲಾಸ್ಕನ್ನು ಸಿಂಕಿಗೆ ಸುರಿದುಬಿಡೋಣ. ಟಿಕ್ ಇದೆಯಲ್ಲ. ಯಾರು ಕೇಳುತ್ತಾರೆ? ಅರ್ಧ ಗಂಟೆ ಆ ಯೋಚನೆಯ ಜೊತೆ ಕೂತಿದ್ದೆ. ಫ್ಲಾಸ್ಕು ಕೈಯಲ್ಲೇ ಇತ್ತು.

ಸೆಲ್ವಿ ಬಾಗಿಲಿಗೆ ಬಂದಳು. ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ ಎಂದು ಅಲ್ಲೇ ನಿಂತಳು. "ಏನ್ಮಾ, ಮುಖ ಯಾಕೆ ಹಿಂಗೆ? ಊರಿಂದ ಏನಾರ ಫೋನ್ ಬಂತಾ?"

ಹೇಳಿದೆ. ಅವಳಿಗೆ ಅರ್ಥವಾಗುವ ಹಾಗೆ, ಅಡುಗೆಗೆ ಉಪ್ಪು ಹಾಕಲು ಮರೆತೆ ಅನ್ನುವ ಹಾಗೆ ಹೇಳಿದೆ.

"ಈಗ ಹಾಕಿದ್ರೆ ಆಗಲ್ವಾ?"

"ಗೊತ್ತಿಲ್ಲ. ಮೇಡಂನ ಕೇಳ್ಬೇಕು. ಕೇಳಿದ್ರೆ ಕೆಲಸ ಹೋಗತ್ತೆ."

ಸೆಲ್ವಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಳಿಗ್ಗೆ ನಾನು ಮನೇಲೇ ಇರ್ಬೋದಿತ್ತು. ನನ್ ಗಂಡ ಹೋಗ್ಬೇಡ ಅಂದ. ಯಾಕೆ ಬಂದೆ? ಆ ಪೆಟ್ಟಿಗೇಲಿ ಇರೋದು ಒಂದಮ್ಮಂದು, ಅದ್ನ ಒಬ್ಳೇ ಹುಡ್ಗಿ ಕೈಲಿ ಬಿಡ್ಬಾರ್ದು ಅಂತ. ನೀನು ಇಲ್ಲಿ ಕೂತ್ಕೊಂಡು ಕೆಲಸ ಕೆಲಸ ಅಂತೀಯ. ಎದ್ದು ಫೋನ್ ಮಾಡು."

ಲ್ಯಾಂಡ್‌ಲೈನಿನಲ್ಲಿ ಮೇಡಂ ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಗ ಯಾವ ಹಂತ?"

"ಎಂಟು ಕಣ ಮೇಡಂ. ಮೂರೂ."

"ಅಂಟ್ಕೊಳ್ಳೋಕೆ ಶುರು ಮಾಡಿವೆಯಾ?"

"ಇಲ್ಲ. ದುಂಡಗೇ ಇವೆ."

"ಸೀರಮ್ ಹಾಕಿದೀಯಾ?"

"ಹಾಕಿದೀನಿ. ಅವರದೇ."

"ಅದ್ರಲ್ಲಿ ಸ್ವಲ್ಪ ಕ್ಯಾಲ್ಸಿಯಂ ಇರತ್ತೆ. ಸ್ವಲ್ಪ. ಸಾಕಾಗತ್ತೋ ಇಲ್ವೋ ನಂಗೊತ್ತಿಲ್ಲ." ಆಮೇಲೆ ಆ ಕಡೆಯಿಂದ ಪುಸ್ತಕದ ಹಾಳೆ ತಿರುವಿದ ಸದ್ದು. "ಇಂಪೋರ್ಟೆಡ್ ಬಾಟ್ಲಿ ತಳದಲ್ಲಿ ಉಳಿದಿದೆಯಾ ನೋಡು. ಅದನ್ನ ಹೊಸ ಡಿಶ್‌ಗೆ ಹಾಕಿ ಇನ್ಕ್ಯುಬೇಟರ್ ಒಳಗಿಡು. ನಾಲ್ಕು ಗಂಟೆ ಕಾಯಿ, ಬಿಸಿಗೂ ಗ್ಯಾಸಿಗೂ ಹೊಂದ್ಕೋಬೇಕು. ಆಮೇಲೆ ದಾಟ್ಸು."

"ನಾನೇನಾ ಮೇಡಂ?"

"ಇನ್ಯಾರಿದಾರೆ ಅಲ್ಲಿ?"

ನಾನು ಯಾವತ್ತೂ ಒಬ್ಬಳೇ ಭ್ರೂಣ ದಾಟಿಸಿರಲಿಲ್ಲ. ಮೇಡಂ ಪಕ್ಕದಲ್ಲಿರುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿ ಎಳೆದ ಕೂದಲಿನಂಥ ಗಾಜಿನ ನಳಿಕೆ, ಅದಕ್ಕೆ ರಬ್ಬರ್ ಟ್ಯೂಬು, ಟ್ಯೂಬಿನ ತುದಿ ನಮ್ಮ ಬಾಯಲ್ಲಿ. ಉಸಿರಿನಲ್ಲೇ ಎಳೆಯಬೇಕು, ಉಸಿರಿನಲ್ಲೇ ಬಿಡಬೇಕು. ಜೋರಾಗಿ ಎಳೆದರೆ ಭ್ರೂಣ ಟ್ಯೂಬಿನೊಳಗೆ ಹೋಗಿ ಕಳೆದೇ ಹೋಗುತ್ತದೆ.

ಆ ನಾಲ್ಕು ಗಂಟೆ ನಾನು ಗಡಿಯಾರದ ಕೆಳಗೆ ಕೂತಿದ್ದೆ. ಎರಡು ಸಲ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಎಷ್ಟಿದೆ ಎಂದು ಸೆಲ್ವಿ ಕಡ್ಡಿ ಇಳಿಸಿ ನೋಡಿಬಂದಳು. ಮಧ್ಯೆ ಗಿರಿಜಕ್ಕನ ಫೋನು. ಕೆ.ಆರ್. ಪುರಂನ ಎಸ್.ಟಿ.ಡಿ. ಬೂತಿನ ಅರ್ಧ ಶಟರಿನೊಳಗಿಂದ ಮಾತಾಡುತ್ತಿದ್ದರು.

"ತಂಗಿ, ಟಿನ್ ಫ್ಯಾಕ್ಟರಿ ಹತ್ರ ಬಸ್ಸಿಗೆ ಕಲ್ಲ ಹೊಡ್ಯಾಕತ್ತಾರಂತ್ರಿ. ಇವ್ರು ಸ್ಕೂಟರ್ ಮ್ಯಾಲ ಕರ್ಕೊಂಡ ಹೋಗ್ತೀನಿ ಅಂತಾರ. ಬರ್ಲ್ಯಾ?"

"ಬೇಡ ಗಿರಿಜಕ್ಕ. ನಾಳೆ ಬನ್ನಿ."

"ಅವು ಹೆಂಗ ಅದಾವ್ರಿ?"

ನನ್ನ ಬಾಯಿಂದ ಬಂದದ್ದು, "ಚೆನ್ನಾಗಿವೆ. ಎಂಟೆಂಟು ಆಗಿವೆ."

ಸುಳ್ಳಲ್ಲ. ಆದರೆ ನಿಜವೂ ಅಲ್ಲ. 

ನಾಲ್ಕೂವರೆಗೆ ದಾಟಿಸಿದೆ. ಒಂದು. ಎರಡು. ಮೂರನೆಯದು ನಳಿಕೆಯ ಗೋಡೆಗೆ ಅಂಟಿಕೊಂಡು ಬರಲಿಲ್ಲ. ಊದಿದೆ, ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಹೊರಗಿನಿಂದ ಸೆಲ್ವಿ ಸುಮ್ಮನೆ ಎಣಿಸತೊಡಗಿದಳು, ತಮಿಳಿನಲ್ಲಿ, ಅವತ್ತು ಮೊದಲ ಸಲ: ಒಣ್ಣು, ರೆಂಡು, ಮೂಣು. ಯಾಕೆ ಎಣಿಸಿದಳೋ, ಕೇಳಲಿಲ್ಲ. ಏಳು ಅನ್ನುವಾಗ ಭ್ರೂಣ ಕೆಳಗೆ ಇಳಿಯಿತು.

ಬೆಳಕಿರುವಾಗಲೇ ಮನೆಗೆ ಹೊರಟೆವು.

ಶುಕ್ರವಾರ ಊರು ಏನೂ ಆಗಿಲ್ಲವೆಂಬಂತೆ ಎದ್ದಿತ್ತು. ಮೇಡಂಗಿಂತ ಮೊದಲು ಬಂದು ಡಿಶ್ ತೆಗೆದು ನೋಡಿದೆ. ಒಂದು ಭ್ರೂಣದಲ್ಲಿ ದ್ರಾಕ್ಷಿಗಳು ಹಾಗೇ ಬಿಡಿಬಿಡಿಯಾಗಿದ್ದವು. ಉಳಿದೆರಡರಲ್ಲಿ ದ್ರಾಕ್ಷಿಯೇ ಇಲ್ಲ. ಗೆರೆಗಳಿಲ್ಲ. ಬೂದು ಬಣ್ಣದ ನುಣ್ಣನೆಯ ಒಂದೊಂದು ಉಂಡೆ. ಕರಗಿಹೋದವು ಎಂದುಕೊಂಡೆ. ಪುಸ್ತಕದಲ್ಲಿ ಓದಿದ್ದೆಲ್ಲ ಮರೆತುಹೋಯಿತು. ನಾಲ್ಕನೇ ದಿನದ ಭ್ರೂಣವನ್ನು ನನ್ನ ಜೀವನದಲ್ಲಿ ನೋಡಿರಲಿಲ್ಲ. ಮೇಡಂ ಬಂದಾಗ ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ.

"ಕರಗೋದ್ವು ಮೇಡಂ."

ಅವರು ಕೂತು ನೋಡಿದರು. ಫೋಕಸ್ ತಿರುಗಿಸಿ ಮತ್ತೆ ನೋಡಿದರು. "ಕತ್ತೆ," ಅಂದರು, ಮೆಲ್ಲಗೆ. "ಅಂಟ್ಕೊಂಡಿವೆ ಕಣೇ. ಬಾ ನೋಡು. ಗೆರೆ ಹೋಗಿರೋದು ಅದಕ್ಕೇ."

ನೋಡಿದೆ. ಅಂಚು ಗುಂಡಗೆ, ಬಿಗಿಯಾಗಿತ್ತು. ಎಂಟು ಜನ ಹೆಗಲು ಹಿಡಿದು ಒಳಮುಖವಾಗಿ ನಿಂತರೆ ಹೊರಗಿನವರಿಗೆ ಬೆನ್ನು ಮಾತ್ರ ಕಾಣುವುದಿಲ್ಲವೇ, ಹಾಗೆ. ಆದರೆ ನನ್ನ ಕಣ್ಣು ಹೋದದ್ದು ಮೂರನೆಯದರ ಕಡೆ. ಅದು ನನ್ನ ಕಡೆ ಎಂಟು ಕಣ್ಣು ಬಿಟ್ಟು ನೋಡುತ್ತಿತ್ತು.

ಹನ್ನೊಂದಕ್ಕೆ ಗಿರಿಜಕ್ಕ ಬಂದರು. ವರ್ಗಾವಣೆಗೆ ಮೊದಲು ಟಿವಿ ಪರದೆಯಲ್ಲಿ ಭ್ರೂಣ ತೋರಿಸುವುದು ವಾಡಿಕೆ. ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ ನೋಡಿ ಗಾಬರಿಯಾದರು. "ನಿನ್ನೆ ಎಂಟು ಅಂದಿದ್ರಿ. ಇದು ಒಂದ ಐತಲ್ರಿ. ಹಾಳಾತೇನು?"

"ಇಲ್ಲ ಗಿರಿಜಕ್ಕ. ಎಂಟೂ ಒಂದನ್ನೊಂದು ಹಿಡ್ಕೊಂಡಿವೆ."

"ಹಿಡ್ಕೊಂಡಾವಾ," ಅಂದರು. ಕಣ್ಣು ಮುಚ್ಚಿದರು.

ಅಂಟಿಕೊಂಡಿದ್ದ ಎರಡನ್ನು ಗರ್ಭಕ್ಕೆ ಬಿಟ್ಟೆವು. ಸೀರಮಿನಿಂದ ಹಿಡಿದುಕೊಂಡವೋ, ಹೊಸ ಮೀಡಿಯಾದಿಂದಲೋ, ಅಷ್ಟರಲ್ಲಿ ಒಳಗೆ ಏನಾದರೂ ಕೆಟ್ಟಿತ್ತೋ, ಹೇಳುವ ವಿದ್ಯೆ ನಮ್ಮ ಹತ್ತಿರ ಇರಲಿಲ್ಲ. ಮೇಡಂ ಡಾಕ್ಟರಿಗೆ ಹೇಳಿದರು, ನನ್ನ ಕೆಲಸ ಹೋಗಲಿಲ್ಲ. ಉಳಿದ ಮೀಡಿಯಾವನ್ನೆಲ್ಲ ಚೆಲ್ಲಿಸಿದರು. ಪಟ್ಟಿ ಕಿತ್ತು, ತೂಗಿದ್ದಕ್ಕೊಂದು ಸುರಿದದ್ದಕ್ಕೊಂದು ಬೇರೆ ಬೇರೆ ಕಾಲಂ ಇರುವ ಹೊಸ ಪಟ್ಟಿ ಅಂಟಿಸಿದರು. "ಪೇಷಂಟಿಗೆ?" ಎಂದು ನಾನು ಕೇಳಿದ್ದಕ್ಕೆ, "ರಿಸಲ್ಟ್ ಬರ್ಲಿ," ಅಂದರು.

ಎರಡು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಫಲಿತಾಂಶ ಬಂತು. ಇಲ್ಲ.

"ಚೆನ್ನಾಗಿರೋ ಭ್ರೂಣನೂ ಎಷ್ಟೋ ಸಲ ನಿಲ್ಲಲ್ಲ," ಅಂದರು ಮೇಡಂ. "ನಿನ್ನಿಂದ್ಲೇ ಅಂತ ಹೇಳೋಕಾಗಲ್ಲ."

ಅದು ನಿಜ. ನನ್ನಿಂದಲ್ಲ ಎಂದೂ ಹೇಳಲಾಗುವುದಿಲ್ಲ, ಅದೂ ನಿಜ.

ಗಿರಿಜಕ್ಕ ಫೈಲು ತೆಗೆದುಕೊಂಡು ಹೋಗಲು ಬಂದವರು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಆ ಬಿರುಕಿನ ಪಕ್ಕದಲ್ಲೇ. ಗಂಡ ಸ್ಕೂಟರ್ ತರಲು ಹೋಗಿದ್ದರು. ನಾನು ಹತ್ತಿರ ಹೋದೆ.

"ತಂಗಿ, ನಾ ಒಂದ ಮಾತ ಕೇಳ್ಲ್ಯಾ? ಅವತ್ತ ಮನಿಗೆ ಹೋಗೂ ಮುಂದ ಆಟೋ ಭಾಳ ಕುಲುಕಾಡ್ತ್ರಿ. ಮರುದಿನ ನೀರ ಬಂದಿತ್ತು, ಅರ್ಧ ಬಕೀಟ ಎತ್ತಿದ್ನಿ. ಅರ್ಧಾನ. ಅದರಿಂದ ಬಿಟ್ಟ ಹೋದ್ವೇನ್ರಿ? ನಮ್ಮತ್ತಿ ಅಂತಾರ, ನಿನ್ನ ಕೈಯಾರೆ ಕಳ್ಕೊಂಡಿ ಅಂತ."

ನಾನು ಸುಮ್ಮನೆ ತಲೆಯಾಡಿಸಿ ಒಳಗೆ ಬರಬಹುದಿತ್ತು. ಅವರ ಬಕೆಟ್ಟು ನನ್ನ ಫ್ಲಾಸ್ಕನ್ನು ಮುಚ್ಚಿಬಿಡುತ್ತಿತ್ತು, ಬದುಕಿರುವವರೆಗೆ.

"ಬಕೆಟ್ಟಿಂದ ಅಲ್ಲ ಗಿರಿಜಕ್ಕ," ಅಂದೆ. ಆಮೇಲೆ ಎಲ್ಲ ಹೇಳಿದೆ. ಫ್ಲಾಸ್ಕು, ಟಿಕ್ಕು, ಸಿಂಕಿನ ಯೋಚನೆ, ಫೋನಿನಲ್ಲಿ ಚೆನ್ನಾಗಿವೆ ಎಂದದ್ದು. ನನ್ನಿಂದಲೇ ಹೋಯಿತೋ ಇಲ್ಲವೋ ಗೊತ್ತಿಲ್ಲ ಎಂಬುದನ್ನೂ ಹೇಳಿದೆ.  ಹೊಡೆಯುತ್ತಾರೆ ಎಂದುಕೊಂಡೆ. ಕೂಗುತ್ತಾರೆ, ಗಂಡನನ್ನು ಕರೆಯುತ್ತಾರೆ, ಪೊಲೀಸು.

ಅವರು ಫೈಲಿನ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಸ್ಕೂಟರ್ ಬಂದು ಗೇಟಿನ ಹತ್ತಿರ ನಿಂತಿತು. ಎದ್ದು ಸೆರಗು ಸರಿ ಮಾಡಿಕೊಂಡರು.

"ಮುಂದಿನ ಸಲ ನೀವು ಅದನ್ನ ಹಾಕೂ ದಿನ ನಂಗ ಹೇಳ್ರಿ," ಅಂದರು. "ನಾ ಬಂದ ನಿಂತ ನೋಡ್ತೀನಿ."

ಮಾತಿಗೆ ಹೇಳಿದರು ಎಂದುಕೊಂಡೆ. ಆರು ತಿಂಗಳ ಮೇಲೆ ಅವರು ಮತ್ತೆ ಹೆಸರು ಬರೆಸಿದರು. ಮೀಡಿಯಾ ತಯಾರಿಸುವ ಶನಿವಾರ ನಾನೇ ಫೋನ್ ಮಾಡಿದೆ. ಎರಡು ಬಸ್ಸು ಬದಲಿಸಿ ಬಂದು, ಗಾಜಿನ ಕಿಟಕಿಯ ಹೊರಗೆ ಸೆಲ್ವಿಯ ಪಕ್ಕದಲ್ಲಿ ನಿಂತರು. ಒಂದು ಗಂಟೆ. ಕೂರಿ ಎಂದರೆ ಕೂರಲಿಲ್ಲ. ನಾನು ಒಂದೊಂದೇ ಉಪ್ಪು ತೂಗಿ ಹಾಕಿದೆ. ಕೊನೆಗೆ ಪುಟ್ಟ ಫ್ಲಾಸ್ಕು ಎತ್ತಿ ಅವರಿಗೆ ತೋರಿಸಿದೆ, ತುಂಬಿದೆ ಎಂದು. ಹನಿಹನಿಯಾಗಿ ಸುರಿದೆ. 

ಆ ಸಲ ಏನಾಯಿತು ಎಂದು ಕೇಳಬೇಡಿ. ಅದು ಅವರ ಮನೆಯ ವಿಷಯ, ನನ್ನದಲ್ಲ. ನನ್ನದು ಇಷ್ಟೇ: ಸುರಿದಾದ ಮೇಲೆ ಫ್ಲಾಸ್ಕನ್ನು ತಲೆಕೆಳಗು ಮಾಡಿ ಗಾಜಿಗೆ ಒತ್ತಿ ಹಿಡಿದೆ. ಗಿರಿಜಕ್ಕ ಹೊರಗಿನಿಂದ ಬಗ್ಗಿ ಅದರ ತಳದವರೆಗೂ ನೋಡಿದರು. ಆಮೇಲೆ ತಲೆಯಾಡಿಸಿದರು, ಹೂಂ, ಖಾಲಿ ಐತಿ.